ಪುಣೆಯ ಉದ್ಯಾನಗಳು, ಸಸ್ಯೋಪನ್ಯಾಸಗಳು ಮತ್ತು ಕನ್ನಡದ ಗಿಡಮರಗಳ ಹೆಸರುಗಳು

ಪುಣೆ ನಗರಕ್ಕೆ ಕನ್ನಡದ ಸಂಶೋಧಕರು ಹೋಗುವುದು ಸಾಮಾನ್ಯವಾಗಿ ಎರಡು ಕಾರಣಗಳಿಂದ. 1917ರಲ್ಲಿ ಸ್ಥಾಪಿತವಾದ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದ ಹಸ್ತಪ್ರತಿಗಳಿಗಾಗಿ ಕೆಲವರು, ಪೇಶವೆ ದಫ್ತರದ ಕಾಗದಪತ್ರಗಳಿಗಾಗಿ ಮತ್ತೆ ಕೆಲವರು. ಅದೇ ಊರಿನಲ್ಲಿ ಮೂರನೆಯದೊಂದು ಆಕರಸಮೂಹವೂ ಇದೆ. ದಾಪೋಡಿಯಲ್ಲಿ ಒಂದು ಕಾಲಕ್ಕೆ ಇದ್ದ ಸಸ್ಯೋದ್ಯಾನ, ಗಣೇಶಖಿಂಡದ ತೋಟ, ಎಂಪ್ರೆಸ್ ಗಾರ್ಡನ್, ವಿಜ್ಞಾನ ಕಾಲೇಜು ಮತ್ತು ಕೃಷಿ ಕಾಲೇಜುಗಳ ಸಸ್ಯಶಾಸ್ತ್ರದ ತರಗತಿಗಳು, ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆಯ ಪಶ್ಚಿಮ ವಲಯದ ಒಣಸಸ್ಯ ಭಂಡಾರ ಇವೆಲ್ಲ ಸೇರಿ ಆಗುವ ಈ ಸಮೂಹವನ್ನು ಕನ್ನಡ ಅಧ್ಯಯನದ ಆಕರವೆಂದು ಎಣಿಸಿದವರು ವಿರಳ. ಹೊರನಾಡಿನಲ್ಲಿದ್ದು ಕನ್ನಡದ ಕೆಲಸ ಮಾಡುತ್ತಿರುವ ವಿದ್ವಾಂಸರ ಗಮನವನ್ನು ಇದರ ಕಡೆಗೆ ಸೆಳೆಯುವುದು ಪ್ರಸ್ತುತ ಲೇಖನದ ಉದ್ದೇಶ.

ಉದ್ಯಾನೋಪನ್ಯಾಸ ಎಂಬ ಮಾತನ್ನು ನಾವು ಇಲ್ಲಿ ಸ್ವಲ್ಪ ವಿಶಾಲವಾದ ಅರ್ಥದಲ್ಲಿ ಬಳಸುತ್ತಿದ್ದೇವೆ. ತೋಟಗಾರಿಕೆಯ ಸಂಘಗಳು ಸದಸ್ಯರಿಗಾಗಿ ಏರ್ಪಡಿಸುವ ಭಾಷಣಗಳಷ್ಟೇ ಅಲ್ಲದೆ, ಕಾಲೇಜಿನ ತೋಟದಲ್ಲಿ ಗಿಡದ ಮುಂದೆ ನಿಂತು ಹೇಳುವ ಪಾಠ, ನಿಸರ್ಗಾಸಕ್ತರ ಸಭೆಯಲ್ಲಿ ಓದುವ ಟಿಪ್ಪಣಿ, ಕಾಡಿನಲ್ಲಿ ಅಧಿಕಾರಿಯೊಬ್ಬನಿಗೆ ಕಾವಲುಗಾರನು ಕೊಡುವ ವಿವರಣೆ ಇವೂ ಅದರಲ್ಲಿ ಸೇರುತ್ತವೆ. ಹತ್ತೊಂಬತ್ತನೆಯ ಶತಮಾನದ ಎರಡನೆಯ ಪಾದದಿಂದ 1956ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳಿಗೂ, 1862ರಿಂದ ಉತ್ತರ ಕನ್ನಡಕ್ಕೂ ಸಸ್ಯವಿದ್ಯೆಯ ರಾಜಧಾನಿಯಾಗಿದ್ದುದು ಪುಣೆ. ಈ ಜಿಲ್ಲೆಗಳ ಜನರ ಬಾಯಿಂದ ಹೊರಟ ತಿಳಿವಳಿಕೆಯು ಪುಣೆಯನ್ನು ಮುಟ್ಟುವ ಹೊತ್ತಿಗೆ ಇಂಗ್ಲಿಷಿನ ಅಥವಾ ಮರಾಠಿಯ ಉಪನ್ಯಾಸವಾಗಿ ಮಾರ್ಪಟ್ಟಿತು. ಕನ್ನಡದ ಪಾಲಿಗೆ ಉಳಿದದ್ದು ಸಸ್ಯಗ್ರಂಥಗಳಲ್ಲಿ ದೇಶೀ ಹೆಸರುಗಳ ಸಾಲಿನೊಳಗೆ ಸಿಕ್ಕಿಕೊಂಡ ಕೆಲವು ಪದಗಳು. ಆ ಪದಗಳನ್ನು ಬರಿಯ ಪದಗಳೆಂದು ನೋಡದೆ, ನಡೆದುಹೋದ ಸಂಭಾಷಣೆಗಳ ಗುರುತುಗಳೆಂದು ಓದಬೇಕೆಂಬುದು ನಮ್ಮ ವಾದ.

ಗಿಡಮರಗಳ ವಿಷಯವಾಗಿ ಶಾಸ್ತ್ರೀಯವಾಗಿ ಮಾತನಾಡುವುದನ್ನು ಕನ್ನಡವು ಬ್ರಿಟಿಷರ ಕಾಲದಲ್ಲಿ ಹೊಸದಾಗಿ ಕಲಿಯಬೇಕಾಗಿರಲಿಲ್ಲ. ಎರಡನೆಯ ಚಾವುಂಡರಾಯನ ಲೋಕೋಪಕಾರ (ಸು. ಕ್ರಿ.ಶ. 1025) ಜ್ಯೋತಿಷ, ವಾಸ್ತು, ಜಲಶೋಧನೆ, ಪಾಕ ಮೊದಲಾದ ವಿಷಯಗಳ ಜೊತೆಗೆ ವೃಕ್ಷಾಯುರ್ವೇದವನ್ನೂ ಕನ್ನಡ ಪದ್ಯಗಳಲ್ಲಿ ಹೇಳುತ್ತದೆ. ಬೀಜಸಂಸ್ಕಾರ, ಮರಗಳಿಗೆ ಬರುವ ರೋಗಗಳ ಚಿಕಿತ್ಸೆ, ಹೂವು ಹಣ್ಣುಗಳ ಹೆಚ್ಚಳ ಇವೆಲ್ಲ ಅಲ್ಲಿ ಬರುತ್ತವೆ. ಗ್ರಂಥದ ಹೆಸರೇ ಅದರ ಓದುಗರು ಯಾರೆಂಬುದನ್ನು ಸೂಚಿಸುತ್ತದೆ. ಅದಾದ ಸುಮಾರು ನೂರು ವರ್ಷಗಳಿಗೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸದಲ್ಲಿ ಕೃತಕ ಪರ್ವತ, ಉಪವನ, ವನಕ್ರೀಡೆಗಳ ವರ್ಣನೆಯಿದೆ. ಆದರೆ ಭಾಷೆ ಸಂಸ್ಕೃತ, ದೃಷ್ಟಿ ಅರಮನೆಯದು. ಕೆಳದಿಯ ಬಸವಪ್ಪನಾಯಕನ ಶಿವತತ್ತ್ವರತ್ನಾಕರವೂ (ಸು. 1709) ವೃಕ್ಷಾಯುರ್ವೇದವನ್ನು ಒಳಗೊಂಡ ಸಂಸ್ಕೃತ ವಿಶ್ವಕೋಶವೇ. ಲೋಕೋಪಕಾರದ ಇಂಗ್ಲಿಷ್ ಅನುವಾದವನ್ನು 2006ರಲ್ಲಿ ಸಿಕಂದರಾಬಾದಿನ ಏಷ್ಯನ್ ಅಗ್ರಿ-ಹಿಸ್ಟರಿ ಪ್ರತಿಷ್ಠಾನವು ಪ್ರಕಟಿಸಿದ ಮೇಲೆ ಕನ್ನಡ ಬಾರದ ಸಸ್ಯವಿಜ್ಞಾನಿಗಳಿಗೂ ಅದು ಪರಿಚಿತವಾಗಿದೆ. ಪುಣೆಯ ಭಾಂಡಾರಕರ ಮಂದಿರದಲ್ಲಿ ಬಹುಕಾಲ ಹಸ್ತಪ್ರತಿಪಾಲಕರಾಗಿದ್ದ ಪಿ. ಕೆ. ಗೋಡೆಯವರು ತಾಂಬೂಲ, ತಂಬಾಕು, ಮದರಂಗಿ ಇಂಥ ಸಾಮಾನ್ಯ ವಸ್ತುಗಳ ಚರಿತ್ರೆಯನ್ನು ಸಂಸ್ಕೃತ, ಮರಾಠಿ ಹಾಗೂ ವಿದೇಶೀ ಪ್ರವಾಸಿಗಳ ಬರಹಗಳ ಆಧಾರದಿಂದ ಬಿಡಿಸಿಟ್ಟರು. ಅದೇ ವಿಧಾನವನ್ನು ಕನ್ನಡದ ಆಕರಗಳಿಗೆ ಅನ್ವಯಿಸುವ ಕೆಲಸವು ಇನ್ನೂ ಬೇಕಾದಷ್ಟು ಬಾಕಿಯಿದೆ.

ಇನ್ನು ಪುಣೆಯ ಕಡೆಗೆ ಬರೋಣ. ಮುಂಬಯಿಯ ಗವರ್ನರನಾಗಿದ್ದ ಸರ್ ಜಾನ್ ಮಾಲ್ಕಮ್‌ನು 1828ರಲ್ಲಿ ಪುಣೆಯ ಹೊರವಲಯದ ದಾಪೋಡಿಯಲ್ಲಿ ಕ್ಯಾಪ್ಟನ್ ಫೋರ್ಡ್‌ನ ಬಂಗಲೆಯನ್ನೂ ಜಮೀನನ್ನೂ ಸರ್ಕಾರದ ವತಿಯಿಂದ ಕೊಂಡು, ಅಲ್ಲಿ ಸಸ್ಯೋದ್ಯಾನವೊಂದನ್ನು ಆರಂಭಿಸಿದನು. ಔಷಧೀಯ ಸಸ್ಯಗಳನ್ನು ಬೆಳೆಸಿ ಸೇನೆಯ ಆಸ್ಪತ್ರೆಗಳಿಗೆ ಒದಗಿಸುವುದು, ಹೊರದೇಶದ ಬೆಳೆಗಳನ್ನು ಪರೀಕ್ಷಿಸಿ ರೈತರಿಗೆ ಹಂಚುವುದು ಅದರ ಕೆಲಸ. 1838ರಿಂದ ಇದರ ಮೇಲ್ವಿಚಾರಕನಾಗಿದ್ದ ಅಲೆಕ್ಸಾಂಡರ್ ಗಿಬ್ಸನ್ ವೃತ್ತಿಯಿಂದ ವೈದ್ಯ; 1847ರಲ್ಲಿ ಅವನು ಮುಂಬಯಿ ಪ್ರಾಂತದ ಮೊದಲನೆಯ ಅರಣ್ಯ ಸಂರಕ್ಷಣಾಧಿಕಾರಿಯಾದನು. ಧಾರವಾಡ, ಬೆಳಗಾವಿಗಳ ಕಾಡುಗಳು ಅವನ ಅಧಿಕಾರದೊಳಗೆ ಬಂದವು. ಉತ್ತರ ಕನ್ನಡವಾದರೋ ಆಗ ಮದರಾಸು ಪ್ರಾಂತದಲ್ಲಿತ್ತು. 1862ರಲ್ಲಿ ಅದನ್ನು ಮುಂಬಯಿಗೆ ವರ್ಗಾಯಿಸಲಾಯಿತು. ಈ ತಾರೀಖನ್ನು ನೆನಪಿಡುವುದು ಅವಶ್ಯ. ಡಾಲ್ಜೆಲ್ ಮತ್ತು ಗಿಬ್ಸನ್ನರು ಸೇರಿ ಬರೆದ ‘ಬಾಂಬೆ ಫ್ಲೋರಾ’ ಹೊರಬಂದದ್ದು 1861ರಲ್ಲಿ, ಅಂದರೆ ಪ್ರಾಂತದ ಅತ್ಯಂತ ಸಮೃದ್ಧವಾದ ಕಾಡು ಅದಕ್ಕೆ ಸೇರುವುದಕ್ಕೆ ಒಂದು ವರ್ಷ ಮೊದಲು. ಮುಂದಿನ ಐವತ್ತು ವರ್ಷಗಳಲ್ಲಿ ಪುಣೆಯ ಸಸ್ಯಜ್ಞರ ಕಣ್ಣು ಮತ್ತೆಮತ್ತೆ ದಕ್ಷಿಣದ ಘಟ್ಟಗಳತ್ತ ಹೊರಳಿದ್ದಕ್ಕೆ ಇದೂ ಒಂದು ಕಾರಣವೆಂದು ತೋರುತ್ತದೆ.

ದಾಪೋಡಿಯ ತೋಟ 1865ರಲ್ಲಿ ಮಾರಾಟವಾಗಿ ಹೋಯಿತು. ಅದರ ಅತ್ಯುತ್ತಮ ಸ್ಮಾರಕವೆಂದರೆ 1847 ಮತ್ತು 1850ರ ನಡುವೆ ಗಿಬ್ಸನ್ ಬರೆಯಿಸಿದ ಸಸ್ಯಚಿತ್ರಗಳು. ಈಗ ಅವು ಎಡಿನ್‌ಬರೋದ ರಾಜಕೀಯ ಸಸ್ಯೋದ್ಯಾನದಲ್ಲಿವೆ, 2002ರಲ್ಲಿ ಎಚ್. ಜೆ. ನೋಲ್ಟಿ ಅವುಗಳನ್ನು ವಿಸ್ತಾರವಾದ ಚಾರಿತ್ರಿಕ ಪೀಠಿಕೆಯೊಡನೆ ಪ್ರಕಟಿಸಿದ್ದಾರೆ. ಬಿಡಿಸಿದವನು ಪೋರ್ಚುಗೀಸ್ ಹೆಸರಿನ ಭಾರತೀಯ ಕಲಾವಿದ ಎಂಬಷ್ಟೇ ಗುರುತು ಉಳಿದು, ಅವನ ಹೆಸರು ದಾಖಲೆಯಿಂದ ಜಾರಿಹೋಗಿದೆ. ಬರೆಯಿಸಿದವನ ಹೆಸರು ಉಳಿದು, ಬರೆದವನ ಹೆಸರು ಅಳಿದ ಈ ಸಂಗತಿ ನಾವು ಮುಂದೆ ಹೇಳಲಿರುವುದಕ್ಕೆ ಒಂದು ಪೀಠಿಕೆಯಂತಿದೆ.

ದಾಪೋಡಿಯ ಉತ್ತರಾಧಿಕಾರಿಯಾಗಿ 1873ರಲ್ಲಿ ಗಣೇಶಖಿಂಡದ ಸಸ್ಯೋದ್ಯಾನ ಸ್ಥಾಪಿತವಾಯಿತು. ಜಾರ್ಜ್ ಮಾರ್ಷಲ್ ವುಡ್ರೋ ಈ ಉದ್ಯಾನದ ಮೇಲ್ವಿಚಾರಕನೂ ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಉಪನ್ಯಾಸಕನೂ ಆಗಿದ್ದನು. ತೋಟವೂ ತರಗತಿಯೂ ಒಬ್ಬನ ಕೈಯಲ್ಲಿದ್ದುದರಿಂದ ಪಾಠವು ಹಲಗೆಯ ಮುಂದೆ ಮಾತ್ರ ನಡೆಯಬೇಕಾಗಿರಲಿಲ್ಲ. ಅವನ ‘ಗಾರ್ಡನಿಂಗ್ ಇನ್ ಇಂಡಿಯಾ’ ಎಂಬ ಪುಸ್ತಕವು ಹಲವು ಆವೃತ್ತಿಗಳನ್ನು ಕಂಡಿತು. ಪ್ರತಿಷ್ಠಿತ ಸಸ್ಯಕೋಶಗಳಿಗಿಂತ ಇಂಥ ಕೈಪಿಡಿಗಳಲ್ಲಿಯೇ ಆ ಕಾಲದ ಉಪನ್ಯಾಸದ ದನಿ ಹೆಚ್ಚು ಸ್ಪಷ್ಟವಾಗಿ ಕೇಳುತ್ತದೆಂದು ನಮ್ಮ ಅಭಿಪ್ರಾಯ. ಅದೇ ಕಾಲೇಜಿನಲ್ಲಿ 1879ರಲ್ಲಿ ಆರಂಭವಾದ ಕೃಷಿ ತರಗತಿಯೇ ಬೆಳೆದು 1907ರ ಹೊತ್ತಿಗೆ ಪ್ರತ್ಯೇಕವಾದ ಕೃಷಿ ಕಾಲೇಜಾಯಿತು. ಹೆರಾಲ್ಡ್ ಮ್ಯಾನ್ ಅದರ ಮೊದಲ ವರ್ಷಗಳ ಪ್ರಾಂಶುಪಾಲನು. ಧಾರವಾಡದಲ್ಲಿ ಕೃಷಿ ಕಾಲೇಜು ಸ್ಥಾಪಿತವಾದದ್ದು 1947ರಲ್ಲಿ. ಅಲ್ಲಿಯವರೆಗೆ ಮುಂಬಯಿ ಕರ್ನಾಟಕದ ವಿದ್ಯಾರ್ಥಿಗೆ ತನ್ನ ಪ್ರಾಂತದೊಳಗೆ ಕೃಷಿಯ ಪದವಿಯೆಂದರೆ ಪುಣೆಯೇ. ಗಣೇಶಖಿಂಡದಲ್ಲಿ ಜಿ. ಎಸ್. ಚೀಮಾ ಅವರು ಆರಿಸಿ ಬೆಳೆಸಿದ, ‘ಲಖನೌ 49’ ಎಂದು ಹೆಸರಾದ ಪೇರಲೆಯ ತಳಿಯು ಕರ್ನಾಟಕದ ತೋಟಗಳಿಗೂ ಬಂದದ್ದು ಈ ದಾರಿಯ ಇನ್ನೊಂದು ಬದಿ.

ವಿಜ್ಞಾನ ಕಾಲೇಜಿನಲ್ಲಿ ದೀರ್ಘಕಾಲ ಪ್ರಾಂಶುಪಾಲನಾಗಿದ್ದ ಥಿಯೊಡೋರ್ ಕುಕ್ ಮೂಲತಃ ಎಂಜಿನಿಯರು. ನಿವೃತ್ತನಾಗಿ ಇಂಗ್ಲೆಂಡಿಗೆ ಮರಳಿದ ಮೇಲೆ ಅವನು 1901ರಿಂದ 1908ರವರೆಗೆ ಭಾಗಭಾಗವಾಗಿ ಹೊರತಂದ ‘ಫ್ಲೋರಾ ಆಫ್ ದಿ ಪ್ರೆಸಿಡೆನ್ಸಿ ಆಫ್ ಬಾಂಬೆ’ ಇಂದಿಗೂ ಈ ಪ್ರದೇಶದ ಸಸ್ಯಶಾಸ್ತ್ರದ ಆಧಾರಗ್ರಂಥ. ಅದರಲ್ಲಿ ಪ್ರತಿಯೊಂದು ಸಸ್ಯದ ವರ್ಣನೆಯ ಕೊನೆಗೆ ಅದು ದೊರೆತ ಸ್ಥಳಗಳೂ ಸಂಗ್ರಾಹಕರ ಹೆಸರುಗಳೂ ಇವೆ. ಹೆಸರಿನ ಮುಂದೆ ಆಶ್ಚರ್ಯಸೂಚಕ ಚಿಹ್ನೆಯಿದ್ದರೆ ಆ ಮಾದರಿಯನ್ನು ಗ್ರಂಥಕರ್ತನು ತಾನೇ ಕಂಡಿದ್ದಾನೆಂದು ಅರ್ಥ. ಬೆಳಗಾವಿ, ಧಾರವಾಡ, ಕಾರವಾರ, ಹಳಿಯಾಳ, ಯಲ್ಲಾಪುರ ಎಂಬ ಸ್ಥಳನಾಮಗಳು ಪುಟಪುಟದಲ್ಲೂ ಸಿಗುತ್ತವೆ. ಸಂಗ್ರಾಹಕರಲ್ಲಿ ವುಡ್ರೋ, ಟಾಲ್ಬೊಟ್, ಕಾನಿಟ್ಕರ್ ಇವರೊಡನೆ ‘ಭೀವಾ’ ಎಂಬ ಒಂಟಿ ಹೆಸರೂ ಬರುತ್ತದೆ. ಉಳಿದವರಿಗೆ ಮನೆತನದ ಹೆಸರು, ಇವನಿಗೆ ಕರೆಯುವ ಹೆಸರು ಮಾತ್ರ. ಆದರೂ ಭೀವಾ ಅದೃಷ್ಟವಂತನೆನ್ನಬೇಕು. ಅವನಿಗೆ ಗಿಡ ತೋರಿಸಿದವರ, ಅದರ ಹೆಸರು ಹೇಳಿದವರ ಮುಂದೆ ಯಾವ ಚಿಹ್ನೆಯೂ ಇಲ್ಲ.

ಹೆಸರು ಹೇಳುವುದೆಂದರೆ ಏನು ಎಂಬುದನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು. ಉತ್ತರ ಕನ್ನಡದಲ್ಲಿ ಬಹುಕಾಲ ಅರಣ್ಯಾಧಿಕಾರಿಯಾಗಿದ್ದ ಡಬ್ಲ್ಯು. ಎ. ಟಾಲ್ಬೊಟ್ ಮೊದಲು 1894ರಲ್ಲಿ ಪ್ರಾಂತದ ಮರಬಳ್ಳಿಗಳ ಪಟ್ಟಿಯನ್ನೂ, 1909ರಿಂದ 1911ರ ನಡುವೆ ಎರಡು ಸಂಪುಟಗಳ ಅರಣ್ಯಸಸ್ಯ ಗ್ರಂಥವನ್ನೂ ಪ್ರಕಟಿಸಿದನು. ಇಂಥ ಗ್ರಂಥಗಳಿಗೆ ದೇಶೀ ಹೆಸರು ಬರುವ ಕ್ರಮ ಹೀಗಿರುತ್ತದೆ: ಕಾಡಿನಲ್ಲಿ ಕಾವಲುಗಾರನೋ ಕುಣಬಿಯೋ ಹಾಲಕ್ಕಿ ಒಕ್ಕಲಿಗನೋ ಒಂದು ಹೆಸರನ್ನು ಹೇಳುತ್ತಾನೆ, ಗುಮಾಸ್ತನು ಅದನ್ನು ತನಗೆ ರೂಢಿಯಾದ ಲಿಪಿಯಲ್ಲಿ ಬರೆದುಕೊಳ್ಳುತ್ತಾನೆ, ಸಾಹೇಬನು ಅದನ್ನು ರೋಮನ್ ಅಕ್ಷರಕ್ಕೆ ತಿರುಗಿಸುತ್ತಾನೆ. ಮೂರು ಹಂತಗಳಲ್ಲಿ ಎರಡನೆಯದರಲ್ಲಿ ಮೋಡಿ ಅಥವಾ ಬಾಳಬೋಧ ಲಿಪಿಯಿದ್ದರೆ ಳಕಾರವು ಉಳಿಯಲು ಅವಕಾಶವಿತ್ತು. ರೋಮನ್ನಿಗೆ ಬಂದೊಡನೆ ಲಕಾರ ಳಕಾರಗಳ, ನಕಾರ ಣಕಾರಗಳ, ಹ್ರಸ್ವ ದೀರ್ಘಗಳ ಭೇದವೆಲ್ಲ ಅಳಿಸಿಹೋಗುತ್ತಿತ್ತು.

ಇದರಿಂದ ಆಗುವ ಹಾನಿ ಕಾಗುಣಿತದ್ದು ಮಾತ್ರವಲ್ಲ. ಹೊಳೆಮತ್ತಿ, ಹೊಳೆದಾಸವಾಳ ಎಂಬ ಹೆಸರುಗಳಲ್ಲಿರುವ ‘ಹೊಳೆ’ ಎಂಬುದು ಅಲಂಕಾರವಲ್ಲ, ಆ ಮರ ಎಲ್ಲಿ ಬೆಳೆಯುತ್ತದೆಂಬ ಖಚಿತವಾದ ಮಾಹಿತಿ. ಮತ್ತಿಯ ಮರವು ಒಣನೆಲದ ಎಲೆಯುದುರುವ ಕಾಡಿನದು. ಅದರ ಬಂಧುವಾದ, ಸಂಸ್ಕೃತದಲ್ಲಿ ಅರ್ಜುನ ಎನಿಸಿಕೊಂಡ ಹೊಳೆಮತ್ತಿ ನೀರಿನ ದಂಡೆಯದು. ಒಂದು ವಿಶೇಷಣದಿಂದ ಕನ್ನಡಿಗನು ಎರಡು ಪ್ರಭೇದಗಳನ್ನು ಅವುಗಳ ನೆಲೆಯ ಮೂಲಕ ಬೇರ್ಪಡಿಸಿದ್ದಾನೆ. ರೋಮನ್ ಲಿಪಿಯಲ್ಲಿ ಈ ಪೂರ್ವಪದವು ಹೊಲವೋ, ಹೊಳೆಯೋ, ಹೊಲೆಯೋ ಎಂದು ಹೊರಗಿನ ಓದುಗನಿಗೆ ತಿಳಿಯಲು ಸಾಧ್ಯವಿಲ್ಲ. ಇಂಗ್ಲಿಷ್ ಬಲ್ಲವನು ಅದನ್ನು ಬಿಲವೆಂದು ಓದಿದರೂ ಅಚ್ಚರಿಯಿಲ್ಲ!

ಇನ್ನೊಂದು ನಿದರ್ಶನವು ಇದಕ್ಕಿಂತ ಹಳೆಯದು. ಫ್ರಾನ್ಸಿಸ್ ಬುಕನನ್‌ನು 1800–1801ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದಾಗ ಕಂಡ ಸಸ್ಯಗಳಲ್ಲಿ ಕೆಲವಕ್ಕೆ ಸ್ಥಳೀಯರ ಹೆಸರನ್ನೇ ಲ್ಯಾಟಿನ್ನಿಗೆ ಹೊಂದಿಸಿದನು. ಈಗ ಮಮಿಯಾ ಸುರಿಗಾ ಎಂದು ಕರೆಯುವ ಮರದ ಉತ್ತರಪದವು ನಮ್ಮ ಸುರಗಿಯೇ. ಹಳೆಗನ್ನಡ ಕವಿಗಳ ಉಪವನ ವರ್ಣನೆಗಳಲ್ಲಿ ಬರುವ ಹೂವು ಅದು. ಕರಾವಳಿಯಲ್ಲಿ ಇಂದಿಗೂ ದಂಡೆ ಕಟ್ಟಿ ಮುಡಿಯುತ್ತಾರೆ. ಮರಾಠಿಯಲ್ಲಿ ಅದು ಸುರಂಗಿ. ಹಾಗೆಯೇ ಹೊಲಿಗಾರ್ನಾ ಎಂಬ ಕುಲನಾಮದ ಹಿಂದಿರುವುದು ಕನ್ನಡದ ಹೊಲಗೇರು ಅಥವಾ ಹೊಳೆಗೇರು. ಎರಡು ರೂಪಗಳೂ ಬಳಕೆಯಲ್ಲಿವೆ, ಮತ್ತು ಲ್ಯಾಟಿನ್ ರೂಪವು ಇವೆರಡರಲ್ಲಿ ಯಾವುದನ್ನು ಕೇಳಿ ಬರೆದದ್ದೆಂಬುದನ್ನು ಮರೆಮಾಡಿಬಿಟ್ಟಿದೆ. ಈ ಮರದ ಸೊನೆ ಮೈಗೆ ತಗುಲಿದರೆ ಬೊಬ್ಬೆಯೇಳುತ್ತದೆ. ಆದ್ದರಿಂದ ಅದನ್ನು ಗುರುತಿಸಿ ದೂರವಿರುವುದು ಕಾಡಿಗೆ ಹೋಗುವವರ ಮೊದಲ ಪಾಠ. ಬುಕನನ್ನನಿಗೆ ಆ ಹೆಸರನ್ನು ಹೇಳಿದವನು ಬಹುಶಃ ಎಚ್ಚರಿಕೆಯನ್ನೂ ಹೇಳಿರುತ್ತಾನೆ. ಜಗತ್ತಿನ ಸಸ್ಯಕೋಶಗಳಲ್ಲಿ ಉಳಿದಿರುವುದು ಆ ಉಪನ್ಯಾಸದ ಶೀರ್ಷಿಕೆ ಮಾತ್ರ.

ಪುಣೆಯ ಮೂಲಕ ಹಾದುಹೋದ ಹೆಸರುಗಳಿಗೆ ಇನ್ನೊಂದು ಗತಿಯೂ ಆಯಿತು. ಮರದ ವ್ಯಾಪಾರವೂ ಅರಣ್ಯ ಕಚೇರಿಯೂ ಒಂದು ಪ್ರಾಂತಕ್ಕೆಲ್ಲ ಒಂದೇ ಹೆಸರನ್ನು ಬಯಸುತ್ತವೆ. ಮತ್ತಿಗೆ ಮರಾಠಿಯ ‘ಐನ’, ನಂದಿಗೆ ‘ನಾಣಾ’, ಹುಣಾಲು ಅಥವಾ ಹುಲುವೆಗೆ ‘ಕಿಂದಳ’ ಇವು ಕನ್ನಡದ ಕಾಡುಗಳಿಗೂ ಇಳಿದುಬಂದವು; ಕಿಂದಳವಂತೂ ಉತ್ತರ ಕನ್ನಡದಲ್ಲಿ ಮನೆಮಾತಾಗಿದೆ. ಮುರುಗಲು ಎಂಬ ಚೆಲುವಾದ ಹೆಸರಿದ್ದರೂ, ದಕ್ಷಿಣದಲ್ಲಿ ಪುನರ್ಪುಳಿ ಎಂಬ ಮತ್ತೊಂದು ಹೆಸರಿದ್ದರೂ, ಪೇಟೆಯಲ್ಲಿ ಗೆದ್ದದ್ದು ಕೋಕಮ್. ಇದನ್ನು ನಾವು ಭಾಷೆಯ ಮೇಲೆ ನಡೆದ ಆಕ್ರಮಣವೆಂದು ಕರೆಯುವುದಿಲ್ಲ. ಘಟ್ಟದ ಎರಡು ಬದಿಯ ಜನರು ಹೆಸರುಗಳನ್ನು ಕೊಟ್ಟು ತೆಗೆದುಕೊಂಡದ್ದು ಬಹಳ ಪ್ರಾಚೀನ ಕಾಲದಿಂದ. ಆದರೆ ಕೊಟ್ಟದ್ದು ಯಾವುದು, ತೆಗೆದುಕೊಂಡದ್ದು ಯಾವುದು ಎಂಬ ಲೆಕ್ಕವನ್ನು ಇಡುವುದು ಭಾಷಾಶಾಸ್ತ್ರಜ್ಞನ ಕರ್ತವ್ಯ.

ಪ್ರಾಣಿಪಕ್ಷಿಗಳ ವಿಷಯದಲ್ಲೂ ಪುಣೆ ಮತ್ತು ಕಾರವಾರಗಳ ನಡುವೆ ಇಂಥದೇ ಒಂದು ದಾರಿಯಿತ್ತು. ಮುಂಬಯಿ ನಿಸರ್ಗೇತಿಹಾಸ ಸಂಘವನ್ನು 1883ರಲ್ಲಿ ಸ್ಥಾಪಿಸಿದ ಎಂಟು ಜನರಲ್ಲಿ ಒಬ್ಬನಾದ ಇ. ಎಚ್. ಐಟ್ಕೆನ್ ಸಾತಾರಾದಲ್ಲಿ ಹುಟ್ಟಿ, ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಲ್ಯಾಟಿನ್ ಕಲಿಸುತ್ತಿದ್ದವನು. ಆಮೇಲೆ ಸುಂಕ ಹಾಗೂ ಉಪ್ಪಿನ ಇಲಾಖೆಯನ್ನು ಸೇರಿ ಉತ್ತರ ಕನ್ನಡಕ್ಕೆ ಬಂದನು. 1894ರಲ್ಲಿ ಹೊರಬಂದ ಅವನ ‘ಎ ನ್ಯಾಚುರಲಿಸ್ಟ್ ಆನ್ ದಿ ಪ್ರೌಲ್’ ಎಂಬ ಲಲಿತಪ್ರಬಂಧಗಳ ಸಂಕಲನದ ನೆಲೆ ಕೆನರಾದ ಕಾಡು. ಜೆ. ಡೇವಿಡ್‌ಸನ್, ಟಿ. ಆರ್. ಬೆಲ್ ಮತ್ತು ಐಟ್ಕೆನ್ ಈ ಮೂವರು ಸೇರಿ 1890ರ ದಶಕದಲ್ಲಿ ಸಂಘದ ಪತ್ರಿಕೆಯಲ್ಲಿ ಬರೆದ ಉತ್ತರ ಕನ್ನಡದ ಚಿಟ್ಟೆಗಳ ಲೇಖನಮಾಲೆಯು ಕಂಬಳಿಹುಳುಗಳನ್ನು ಸಾಕಿ, ಅವು ಯಾವ ಗಿಡದ ಎಲೆಯನ್ನು ತಿನ್ನುತ್ತವೆಂಬುದನ್ನು ದಾಖಲಿಸಿದ ಕೃತಿ. ಚಿಟ್ಟೆಯ ಅಧ್ಯಯನಕ್ಕೆ ಗಿಡದ ಅಧ್ಯಯನ ಅನಿವಾರ್ಯವಾಯಿತು. ಗಿಡದ ಅಧ್ಯಯನಕ್ಕೆ ಅದನ್ನು ಬಲ್ಲ ಊರವರ ಸಹಾಯ ಅನಿವಾರ್ಯವಾಯಿತು. ಬೆಲ್ ಅರಣ್ಯ ಇಲಾಖೆಯಿಂದ ನಿವೃತ್ತನಾದ ಮೇಲೂ ಕಾರವಾರದಲ್ಲಿಯೇ ನೆಲೆನಿಂತು 1948ರಲ್ಲಿ ಅಲ್ಲಿಯೇ ತೀರಿಕೊಂಡನು. ಎಲ್. ಜೆ. ಸೆಜ್‌ವಿಕ್‌ನೊಡನೆ ಅವನು ಕೂಡಿಹಾಕಿದ ಸಸ್ಯಸಂಗ್ರಹವು ಮುಂಬಯಿಯ ಸೇಂಟ್ ಜೇವಿಯರ್ಸ್ ಕಾಲೇಜಿನ ಭಂಡಾರಕ್ಕೆ ಸೇರಿತು. ಸಂಘದ ಸಭೆಗಳಲ್ಲಿ ಓದಿದ ಟಿಪ್ಪಣಿಗಳು ಇಂಗ್ಲಿಷಿನವು, ಶ್ರೋತೃಗಳು ಬಹುಪಾಲು ಯುರೋಪಿಯನ್ನರು.

ಪುಣೆಯಲ್ಲಿ ದೇಶಭಾಷೆಯ ವೇದಿಕೆಗಳಿರಲಿಲ್ಲವೆಂದಲ್ಲ. ನ್ಯಾಯಮೂರ್ತಿ ರಾನಡೆಯವರ ಪ್ರೇರಣೆಯಿಂದ 1875ರಲ್ಲಿ ಆರಂಭವಾದ ವಸಂತ ವ್ಯಾಖ್ಯಾನಮಾಲೆಯು ಉಪನ್ಯಾಸವನ್ನು ಸಾರ್ವಜನಿಕ ಜೀವನದ ಅಂಗವನ್ನಾಗಿ ಮಾಡಿತು. ಬೇಸಗೆಯ ಸಂಜೆ ನೂರಾರು ಜನ ಕುಳಿತು ಒಂದು ವಿಷಯವನ್ನು ಮರಾಠಿಯಲ್ಲಿ ಕೇಳುವ ಅಭ್ಯಾಸ ಅಲ್ಲಿ ಬೇರೂರಿತು. ಇತಿಹಾಸ ರಾಜಕಾರಣಗಳ ಜೊತೆಗೆ ವಿಜ್ಞಾನಕ್ಕೂ ಅಂಥ ಶ್ರೋತೃವರ್ಗ ಒದಗಿತು. ಧಾರವಾಡದಲ್ಲಿ 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದ ಮೊದಲ ಚಿಂತೆ ಶಾಲೆಗಳಲ್ಲಿ ಕನ್ನಡದ ಅಸ್ತಿತ್ವ ಮತ್ತು ಕನ್ನಡ ಗ್ರಂಥಗಳ ಪ್ರಕಟಣೆ. ಅಸ್ತಿತ್ವಕ್ಕಾಗಿ ಹೆಣಗುತ್ತಿದ್ದ ಭಾಷೆಗೆ ತೋಟದ ಮಾತಿಗೆ ಬಿಡುವು ಎಲ್ಲಿಂದ ಬರಬೇಕು?

ಮೈಸೂರು ಸಂಸ್ಥಾನದ ಸ್ಥಿತಿ ಬೇರೆಯಾಗಿತ್ತು. ಲಾಲ್‌ಬಾಗಿನ ಮೇಲ್ವಿಚಾರಕನಾಗಿ 1908ರಲ್ಲಿ ಬಂದ ಜಿ. ಎಚ್. ಕ್ರುಂಬಿಗಲ್‌ನ ಪ್ರಯತ್ನದಿಂದ 1912ರಲ್ಲಿ ಮೈಸೂರು ತೋಟಗಾರಿಕಾ ಸಂಘ ಸ್ಥಾಪಿತವಾಯಿತು. ಫಲಪುಷ್ಪ ಪ್ರದರ್ಶನಗಳನ್ನು ನಡೆಸುತ್ತ ಅದು ಮನೆಯಂಗಳದ ತೋಟಗಾರರನ್ನು ಒಂದುಗೂಡಿಸಿತು. ಕ್ರುಂಬಿಗಲ್‌ನ ನಂತರ 1932ರಲ್ಲಿ ಎಚ್. ಸಿ. ಜವರಾಯ, ಮುಂದೆ ಎಂ. ಎಚ್. ಮರಿಗೌಡ ಹೀಗೆ ಕನ್ನಡಿಗರೇ ಆ ಸ್ಥಾನಕ್ಕೆ ಬಂದರು. ಇನ್ನೊಂದು ಕಡೆ, 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರರು ‘ವಿಜ್ಞಾನ’ ಪತ್ರಿಕೆಯನ್ನು ಆರಂಭಿಸಿದರು. 1930ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸಗಳು ಪ್ರಾಧ್ಯಾಪಕರನ್ನು ಸಣ್ಣ ಊರುಗಳಿಗೆ ಕಳುಹಿಸಿ, ಅವರ ಭಾಷಣಗಳನ್ನು ಚಿಕ್ಕ ಪುಸ್ತಕಗಳಾಗಿ ಅಚ್ಚುಹಾಕಿದವು. ಇಲ್ಲಿ ಉಪನ್ಯಾಸವು ಕನ್ನಡದಲ್ಲಿ ನಡೆದು ಕನ್ನಡದಲ್ಲಿಯೇ ಉಳಿಯಿತು. ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ (1976) ಈ ಪರಂಪರೆಯ ಫಲವೆನ್ನಬಹುದು. ವಿದ್ಯಾರ್ಥಿಗಳೊಡನೆ ಕಾಡು ಸುತ್ತುತ್ತ, ಗಿಡವನ್ನು ಮುಂದಿಟ್ಟುಕೊಂಡು ನಡೆಸಿದ ಮಾತೇ ಅದರ ಗದ್ಯದ ಬಂಧ. ಸ್ವಾಮಿಯವರು ಅಧ್ಯಾಪಕರಾಗಿದ್ದುದು ಮದರಾಸಿನಲ್ಲಿ ಎಂಬುದನ್ನು ಹೊರನಾಡಿನ ಓದುಗರಿಗೆ ವಿಶೇಷವಾಗಿ ನೆನಪಿಸಬೇಕಿಲ್ಲ. ಮುಂಬಯಿ ಕರ್ನಾಟಕದಿಂದ ಇಂಥ ಪುಸ್ತಕವೊಂದು ಆ ಕಾಲದಲ್ಲಿ ಬಾರದಿದ್ದುದಕ್ಕೆ ಪ್ರತಿಭೆಯ ಅಭಾವ ಕಾರಣವಲ್ಲ. ಕಾಡು ಒಂದು ಕಡೆ, ತರಗತಿ ಇನ್ನೊಂದು ಕಡೆ, ತರಗತಿಯ ಭಾಷೆ ಮತ್ತೊಂದು ಎಂಬ ವ್ಯವಸ್ಥೆಯೇ ಕಾರಣ.

ಉದ್ಯಾನ ವಿನ್ಯಾಸದ ವಿಷಯವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಪುಣೆಯಲ್ಲಿ ಪರ್ವತಿಯ ಬುಡದ ಕೆರೆ ಹಾಗೂ ಸಾರಸಬಾಗ, ಹೀರಾಬಾಗಗಳು ಹದಿನೆಂಟನೆಯ ಶತಮಾನದ ಪೇಶವೆ ಕಾಲದವು. ದೇವಸ್ಥಾನ, ನೀರು, ನೆರಳು ಇವು ಮೂರು ಅವುಗಳ ಅಂಗ. ಬ್ರಿಟಿಷರು ತಂದದ್ದು ಹುಲ್ಲುಹಾಸು ಮತ್ತು ಹೂಪಾತಿಯ ಕಲ್ಪನೆ. ವರ್ಷದ ಮಳೆಯೆಲ್ಲ ಬಹುಮಟ್ಟಿಗೆ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುವ ದಖ್ಖನಿನಲ್ಲಿ ಹುಲ್ಲುಹಾಸೆಂಬುದು ನೀರಿನ ದುಬಾರಿ ವಿಲಾಸ. ಮೊದಲು ಸೈನಿಕರ ತೋಟವಾಗಿದ್ದು, ಆಮೇಲೆ ವಿಕ್ಟೋರಿಯಾ ರಾಣಿಯ ಗೌರವಾರ್ಥ ಎಂಪ್ರೆಸ್ ಗಾರ್ಡನ್ ಎನಿಸಿಕೊಂಡ, ಸುಮಾರು 39 ಎಕರೆಯ ಉದ್ಯಾನವನ್ನು ಪಶ್ಚಿಮ ಭಾರತದ ಕೃಷಿ-ತೋಟಗಾರಿಕಾ ಸಂಘವು ನೋಡಿಕೊಳ್ಳುತ್ತಿದೆ. ಆ ಹೆಸರಿನ ಸಂಘದ ಇತಿಹಾಸವು 1830ರ ಮುಂಬಯಿಯಿಂದ ಮೊದಲಾಗುತ್ತದೆ. ಜನವರಿಯಲ್ಲಿ ಅಲ್ಲಿ ನಡೆಯುವ ಪುಷ್ಪಪ್ರದರ್ಶನವು ಲಾಲ್‌ಬಾಗಿನ ಗಣರಾಜ್ಯೋತ್ಸವದ ಪ್ರದರ್ಶನದ ಸೋದರಿಯಂತಿದೆ. 2006ರಲ್ಲಿ ತೆರೆದ ಪು. ಲ. ದೇಶಪಾಂಡೆ ಉದ್ಯಾನವು ಜಪಾನಿನ ಓಕಾಯಾಮಾದ ಕೊರಾಕು-ಎನ್ ತೋಟದ ಮಾದರಿಯದು. ಬೆಂಗಳೂರಿನಲ್ಲಿ ಒಂದರ ನಂತರ ಒಂದು ಹೂಬಿಡುವ ಸಾಲುಮರಗಳ ಯೋಜನೆಯು ಕ್ರುಂಬಿಗಲ್‌ನ ಹೆಸರಿನೊಡನೆ ಬೆಸೆದುಕೊಂಡಿದೆ. ಅವುಗಳಲ್ಲಿ ಹೊರದೇಶದ ಮರಗಳೇ ಹೆಚ್ಚು ಪ್ರಸಿದ್ಧಿ ಪಡೆದವು. ಮಡಗಾಸ್ಕರಿನ ಗುಲ್‌ಮೊಹರ್ ಎರಡೂ ನಗರಗಳಲ್ಲಿ ಮೇ ತಿಂಗಳ ಗುರುತಾಗಿದೆ. ಈಚಿನ ದಶಕಗಳಲ್ಲಿ ಪುಣೆಯ ತೋಟಾಸಕ್ತರ ಮಾತು ದೇಶೀ ಮರಗಳ ಕಡೆಗೆ ಹೊರಳಿದೆ. ವೃತ್ತಿಯಿಂದ ಎಂಜಿನಿಯರಾದ ಶ್ರೀಕಾಂತ ಇಂಗಳಹಳಿಕರರ ‘ಫ್ಲವರ್ಸ್ ಆಫ್ ಸಹ್ಯಾದ್ರಿ’ (2001) ಈ ಹೊರಳುವಿಕೆಗೆ ಒಂದು ಕೈಪಿಡಿಯನ್ನು ಒದಗಿಸಿತು. ಕುಕ್‌ನಂತೆ ಇವರೂ ಎಂಜಿನಿಯರು. ಪುಣೆಯ ಸಸ್ಯಶಾಸ್ತ್ರಕ್ಕೂ ಆ ವೃತ್ತಿಗೂ ಏನೋ ನಂಟಿರಬೇಕು.

ಸ್ವಾತಂತ್ರ್ಯದ ಆಚೀಚಿನ ಹತ್ತು ವರ್ಷಗಳಲ್ಲಿ ಪುಣೆ ಮತ್ತು ಕನ್ನಡ ಜಿಲ್ಲೆಗಳ ಸಂಬಂಧ ಬದಲಾಯಿತು. 1947ರಲ್ಲಿ ಧಾರವಾಡಕ್ಕೆ ಕೃಷಿ ಕಾಲೇಜು ಬಂತು. 1950ರ ಜನವರಿಯಲ್ಲಿ ಧಾರವಾಡ ಆಕಾಶವಾಣಿ ಆರಂಭವಾಗಿ, ಬೆಳೆ ಮತ್ತು ತೋಟದ ಕುರಿತ ಮಾತು ಮೊದಲ ಬಾರಿಗೆ ಆ ಭಾಗದ ಮನೆಗಳಿಗೆ ಕನ್ನಡದಲ್ಲಿ ಕೇಳಿಬಂದಿತು. ಕರ್ನಾಟಕ ವಿಶ್ವವಿದ್ಯಾಲಯವು ಮುಂಬಯಿಯಲ್ಲಿ ಹುಟ್ಟಿ ಅದೇ ಹೊತ್ತಿಗೆ ಧಾರವಾಡಕ್ಕೆ ಸ್ಥಳಾಂತರಗೊಂಡಿತು. 1956ರ ನವೆಂಬರ್ 1ರಂದು ಜಿಲ್ಲೆಗಳು ಹೊಸ ರಾಜ್ಯವನ್ನು ಸೇರಿದವು. ಆದರೆ ಒಣಗಿಸಿ ಕಾಗದಕ್ಕೆ ಅಂಟಿಸಿದ ಗಿಡಗಳು ಜಿಲ್ಲೆಗಳೊಡನೆ ಬರಲಿಲ್ಲ. ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆಯ ಪಶ್ಚಿಮ ವಲಯವು 1955ರಲ್ಲಿ ಪುಣೆಯಲ್ಲಿಯೇ ಸ್ಥಾಪಿತವಾಗಿ, ಕೃಷಿ ಕಾಲೇಜಿನ ಹಳೆಯ ಸಂಗ್ರಹವು ಅದರ ಭಂಡಾರದ ತಳಹದಿಯಾಯಿತು. ಕರ್ನಾಟಕವೂ ಈ ವಲಯದ ಕಾರ್ಯಕ್ಷೇತ್ರಕ್ಕೆ ಸೇರಿದ್ದುದರಿಂದ, ಇಡೀ ರಾಜ್ಯದ ಹೂಬಿಡುವ ಸಸ್ಯಗಳ ಪಟ್ಟಿಯಾದ ‘ಫ್ಲೋರಾ ಆಫ್ ಕರ್ನಾಟಕ: ಅನಾಲಿಸಿಸ್’ (1984) ಸಿದ್ಧವಾದದ್ದೂ ಆ ವಲಯದ ವಿಜ್ಞಾನಿಗಳ ಕೈಯಿಂದಲೇ. ಧಾರವಾಡದ ಒಂದು ಗಿಡವನ್ನು ನೂರು ವರ್ಷಗಳ ಹಿಂದೆ ಯಾರು ಎಲ್ಲಿ ಕಿತ್ತರೆಂದು ಕೇಳುವವನು ಇಂದಿಗೂ ಪುಣೆಗೇ ಹೋಗಬೇಕು. ಆ ಹಾಳೆಗಳ ಮೂಲೆಯ ಚೀಟಿಗಳಲ್ಲಿ ಕೈಬರಹದ ಸ್ಥಳನಾಮಗಳೂ ಅಲ್ಲಲ್ಲಿ ದೇಶೀ ಹೆಸರುಗಳೂ ಇರುತ್ತವೆ. ಮುದ್ರಿತ ಗ್ರಂಥದ ರೋಮನ್ ರೂಪಕ್ಕಿಂತ ಒಂದು ಹಂತ ಹಿಂದಿನ, ಬಾಯಿಮಾತಿಗೆ ಒಂದು ಹಂತ ಹತ್ತಿರದ ದಾಖಲೆ ಅವು. ಶಾಸನಶಾಸ್ತ್ರಜ್ಞನು ಕಲ್ಲನ್ನು ಓದುವ ತಾಳ್ಮೆಯಿಂದ ಆ ಚೀಟಿಗಳನ್ನು ಓದಬಲ್ಲ ಕನ್ನಡ ಬಲ್ಲವರು ಬೇಕಾಗಿದ್ದಾರೆ.

ಇಂಥ ಓದಿಗೆ ದಾರಿ ತೋರುವ ಕೆಲಸವೊಂದು ಪುಣೆಯಲ್ಲಿಯೇ ನಡೆದಿದೆ. 1946ರಲ್ಲಿ ಸ್ಥಾಪಿತವಾದ, ಈಗ ಆಘಾರಕರ ಸಂಶೋಧನ ಸಂಸ್ಥೆಯೆಂದು ಹೆಸರಾದ ಮಂಡಳಿಯ ವಿ. ಡಿ. ವರ್ತಕ ಮತ್ತು ಪುಣೆಯವರೇ ಆದ ಮಾಧವ ಗಾಡಗೀಳರು 1970ರ ದಶಕದಲ್ಲಿ ಪಶ್ಚಿಮ ಮಹಾರಾಷ್ಟ್ರದ ದೇವರ ಕಾಡುಗಳನ್ನು ಊರೂರು ತಿರುಗಿ ಅಭ್ಯಸಿಸಿದರು. 1975 ಮತ್ತು 1976ರಲ್ಲಿ ಬಂದ ಅವರ ಲೇಖನಗಳು ಈ ವಿಷಯದಲ್ಲಿ ಮೂಲಭೂತವಾದವು. ಊರಿನ ಗುರವನೂ ಹಿರಿಯರೂ ಹೇಳಿದ್ದನ್ನು ಸಸ್ಯಪಟ್ಟಿಯಷ್ಟೇ ಗಂಭೀರವಾಗಿ ಪರಿಗಣಿಸಿದ್ದು ಅವರ ವಿಶೇಷ. ಮರಾಠಿಯಲ್ಲಿ ಇಂಥ ಕಾಡಿಗೆ ದೇವರಾಯಿ ಎನ್ನುತ್ತಾರೆ. ಕನ್ನಡಿಗನ ಕಿವಿಗೆ ಅದು ‘ದೇವರ’ ಎಂಬ ಷಷ್ಠಿಯಂತೆ ಕೇಳಿದರೂ ಅದು ದೇವ ಮತ್ತು ರಾಈ ಎಂಬ ಎರಡು ಪದಗಳ ಸಮಾಸ. ರಾಈ ಎಂದರೆ ತೋಪು. ನಮ್ಮಲ್ಲಿ ಕೊಡಗಿನ ದೇವರಕಾಡು, ಕರಾವಳಿಯ ನಾಗಬನ, ಮಲೆನಾಡಿನ ದೇವರಬನ ಇವೆ. ಜೊತೆಗೆ ಸೊರಬ, ಸಿದ್ದಾಪುರಗಳ ಕಡೆ ‘ಕಾನು’ ಎಂಬ ಮಾತಿದೆ. ಹತ್ತೊಂಬತ್ತನೆಯ ಶತಮಾನದ ಅರಣ್ಯ ದಾಖಲೆಗಳು ಈ ಕಾನನ್ನು ಕಾಡೆಂಬ ಸಾಮಾನ್ಯಾರ್ಥದಲ್ಲಿ ಅಲ್ಲದೆ, ಊರವರು ಮೆಣಸು ಬಗನಿಗಳಿಗಾಗಿ ಕಾದುಕೊಂಡ ನಿತ್ಯಹಸುರಿನ ತುಂಡು ಎಂಬ ವಿಶಿಷ್ಟಾರ್ಥದಲ್ಲಿ ಎತ್ತಿಕೊಂಡಿವೆ. ಕಾಡು ಎಂದು ಅನುವಾದಿಸಿಬಿಟ್ಟಿದ್ದರೆ ಈ ಅರ್ಥ ಕಾಣೆಯಾಗುತ್ತಿತ್ತು. ಊರವನ ಮಾತು ಹಾಗೆಯೇ ಉಳಿದದ್ದರಿಂದ, ಅದು ಮನುಷ್ಯರ ಕೈಯಾಡಿದ ಕಾಡು, ಒಂದು ಬಗೆಯಲ್ಲಿ ತೋಟವೇ, ಎಂದು ಇಂದಿನ ಪರಿಸರವಿಜ್ಞಾನಿಗಳು ಕಂಡುಕೊಳ್ಳಲು ಸಾಧ್ಯವಾಯಿತು.

ಗಣೇಶಖಿಂಡದ ಹಳೆಯ ತೋಟವನ್ನು 2020ರಲ್ಲಿ ಮಹಾರಾಷ್ಟ್ರ ಸರ್ಕಾರವು ಜೀವವೈವಿಧ್ಯ ಪರಂಪರೆಯ ತಾಣವೆಂದು ಘೋಷಿಸಿದೆ. ಅಲ್ಲಿನ ಮರಗಳಿಗೂ ಸಸ್ಯ ಸರ್ವೇಕ್ಷಣ ಸಂಸ್ಥೆಯ ಕಪಾಟುಗಳಿಗೂ ನಡುವೆ ಇರುವುದು ಒಂದೇ ಊರಿನೊಳಗಿನ ಪ್ರಯಾಣ. ಕನ್ನಡ ಪೀಠಗಳ ಕ್ಷೇತ್ರಕಾರ್ಯದ ಯೋಜನೆಗಳಲ್ಲಿ ಈ ಎರಡನ್ನೂ ಸೇರಿಸುವುದು ಕಷ್ಟದ ಕೆಲಸವಲ್ಲ. ಮೊದಲು ಕೈಗೆತ್ತಿಕೊಳ್ಳಬೇಕಾದವು ಬೆಳಗಾವಿ ಮತ್ತು ಉತ್ತರ ಕನ್ನಡದ ಹಾಳೆಗಳು. ಅವುಗಳಲ್ಲೂ ‘ಹೊಳೆ’ಯಿಂದ ಮೊದಲಾಗುವ ಹೆಸರುಗಳು.